ಬುಡದ ಬೆಳೆ, ತುದಿಯ ನಷ್ಟ

ಬಾಚಣಿಗೆಗೆ ಸುತ್ತಿಕೊಂಡ ಕೂದಲನ್ನು ಎಸೆಯುವ ಮುನ್ನ ಅದರ ಎರಡೂ ತುದಿಗಳನ್ನು ಬೆಳಕಿಗೆ ಹಿಡಿದು ನೋಡಬೇಕು. ಒಂದು ತುದಿಯಲ್ಲಿ ಬಿಳಿಯ ಸಣ್ಣ ಗಡ್ಡೆ ಕಂಡರೆ ಆ ಕೂದಲು ಬುಡಸಮೇತ ಬಂದಿದೆ ಎಂದರ್ಥ. ಅದರ ಆಯಸ್ಸು ಮುಗಿದಿತ್ತು. ಅದೇ ಜಾಗದಲ್ಲಿ ಇನ್ನೊಂದು ಹುಟ್ಟುತ್ತದೆ. ಎರಡು ತುದಿಯಲ್ಲೂ ಗಡ್ಡೆಯಿಲ್ಲದಿದ್ದರೆ ಅದು ಉದುರಿದ್ದಲ್ಲ, ಮುರಿದದ್ದು. ಬುಡ ಇನ್ನೂ ತಲೆಯಲ್ಲೇ ಇದೆ, ಬೆಳೆಯುತ್ತಲೂ ಇದೆ.

ದಕ್ಷಿಣ ಆಫ್ರಿಕದ ಚರ್ಮವೈದ್ಯೆ ನೊನ್‌ಹ್ಲಾನ್‌ಹ್ಲಾ ಖುಮಾಲೊ ಮತ್ತು ಸಂಗಡಿಗರು 2000ದಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ನೋಡಿದ್ದು ಇದನ್ನೇ. ಆಫ್ರಿಕ, ಯುರೋಪ್ ಮತ್ತು ಏಷ್ಯಾ ಮೂಲದವರ ಕೂದಲನ್ನು ಅವರು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದ ಕೆಳಗಿಟ್ಟರು. ಯುರೋಪ್ ಮತ್ತು ಏಷ್ಯಾದವರ ತಲೆಯಿಂದ ಬಂದವುಗಳಲ್ಲಿ ಬಹುಪಾಲು ಬುಡಸಮೇತ ಕಳಚಿದ್ದವು. ಆಫ್ರಿಕದವರ ಕೂದಲಿನಲ್ಲಿ ಬಹುಪಾಲು ಮುರಿದ ತುಂಡುಗಳು. ಅದರಲ್ಲೂ ನೂರಕ್ಕೆ 10ರಿಂದ 16 ಕೂದಲುಗಳಲ್ಲಿ ತಾನಾಗಿಯೇ ಬಿದ್ದ ಗಂಟುಗಳಿದ್ದವು. ಉಳಿದ ಎರಡು ಗುಂಪುಗಳಲ್ಲಿ ಅಂಥ ಗಂಟು ನೂರಕ್ಕೆ ಒಂದೂ ಇರಲಿಲ್ಲ. ಕೂದಲಿನ ಮೂಲರಚನೆಯಲ್ಲಿ ಮಾತ್ರ ವ್ಯತ್ಯಾಸ ಕಾಣಲಿಲ್ಲ.

ಲೇಗೋಸ್, ಆಕ್ರಾ, ಲಂಡನ್, ಅಟ್ಲಾಂಟಾ, ಎಲ್ಲ ಕಡೆಯೂ ಆಫ್ರಿಕ ಮೂಲದ ಹೆಣ್ಣುಮಕ್ಕಳು ಹೇಳಿಕೊಂಡು ಬಂದಿರುವ ದೂರೊಂದಿದೆ: ವರ್ಷಗಳಿಂದ ಕೂದಲು ಕುತ್ತಿಗೆಯ ಮಟ್ಟಕ್ಕೇ ನಿಂತಿದೆ, ಬೆಳೆಯುತ್ತಲೇ ಇಲ್ಲ. ಖುಮಾಲೊ ಅವರ ಚಿತ್ರಗಳ ಮುಂದೆ ಈ ದೂರಿನ ಅರ್ಥ ಬದಲಾಗುತ್ತದೆ. ಕೂದಲು ಬೆಳೆಯುತ್ತಿದೆ, ಬುಡದಲ್ಲಿ ಬೆಳೆದಷ್ಟೇ ತುದಿಯಲ್ಲಿ ಮುರಿದುಹೋಗುತ್ತಿದೆ. ತಮ್ಮ ಸಹಜ ಗುಂಗುರನ್ನು ಹಾಗೆಯೇ ಉಳಿಸಿಕೊಳ್ಳಲು ಬಯಸುವ ಹೆಂಗಸರು ‘ಹೇರ್ ಗ್ರೋತ್’ ಎನ್ನುವುದರ ಜೊತೆಗೇ ‘ಲೆಂತ್ ರಿಟೆನ್ಷನ್’ ಎಂದು ಬೇರೆಯಾಗಿ ಹೇಳುವುದು ಇದಕ್ಕಾಗಿ. ಬೆಳೆಯುವುದು ಒಂದು ಕೆಲಸ, ಬೆಳೆದದ್ದು ಉಳಿಯುವುದು ಇನ್ನೊಂದು. ಪಶ್ಚಿಮ ಆಫ್ರಿಕದ ಶಿಯಾ ಬೆಣ್ಣೆಗೆ ಈ ಎರಡನೆಯ ಕೆಲಸದಲ್ಲಿ ಪಾತ್ರವಿದೆ. ಮಾರುಕಟ್ಟೆಯ ಡಬ್ಬಿಗಳ ಮೇಲೆ ಮಾತ್ರ ಅದಕ್ಕೆ ಮೊದಲನೆಯ ಕೆಲಸದ ಕೀರ್ತಿ ಸಿಕ್ಕಿದೆ.

ಬುಡದ ಲೆಕ್ಕವನ್ನು ಮೊದಲು ನೋಡೋಣ. ಮನುಷ್ಯನ ತಲೆಯ ಮೇಲೆ ಸುಮಾರು ಒಂದು ಲಕ್ಷ ಕೂದಲುಗಳಿರುತ್ತವೆ. ಪ್ರತಿಯೊಂದೂ ತನ್ನದೇ ಕಾಲಗಣನೆಯಲ್ಲಿ ಕೆಲವು ವರ್ಷ ಬೆಳೆದು, ಎರಡು ಮೂರು ವಾರಗಳಲ್ಲಿ ಬೆಳವಣಿಗೆ ನಿಲ್ಲಿಸಿ, ಸುಮಾರು ಮೂರು ತಿಂಗಳು ವಿಶ್ರಮಿಸಿ ಉದುರುತ್ತದೆ. ದಿನಕ್ಕೆ ಐವತ್ತರಿಂದ ನೂರು ಕೂದಲು ಹೋಗುವುದು ಆರೋಗ್ಯದ ಲಕ್ಷಣವೇ. ಬೆಳವಣಿಗೆಯ ವೇಗ ಎಲ್ಲರದೂ ಒಂದೇ ಅಲ್ಲ. ಜೆನೆವಿಯೆವ್ ಲುಸುವಾರ್ನ್ 2001ರಲ್ಲಿ ಪ್ರಕಟಿಸಿದ ಅಳತೆಗಳ ಪ್ರಕಾರ ಆಫ್ರಿಕ ಮೂಲದವರ ಕೂದಲು ದಿನಕ್ಕೆ ಸರಾಸರಿ 256 ಮೈಕ್ರಾನ್, ಯುರೋಪ್ ಮೂಲದವರ ಕೂದಲು 396 ಮೈಕ್ರಾನ್ ಬೆಳೆಯಿತು. ಅಂದರೆ ವರ್ಷಕ್ಕೆ ಸುಮಾರು 9 ಸೆಂಟಿಮೀಟರ್ ಮತ್ತು 14 ಸೆಂಟಿಮೀಟರ್. ವ್ಯತ್ಯಾಸ ಸಣ್ಣದಲ್ಲ. ಆದರೂ ವರ್ಷಕ್ಕೆ 9 ಸೆಂಟಿಮೀಟರ್ ಎಂದರೆ ನಾಲ್ಕು ವರ್ಷಕ್ಕೆ 36. ಒಂದಿಷ್ಟೂ ಮುರಿಯದಿದ್ದರೆ ಭುಜ ದಾಟಿ ಬೆನ್ನಿಗೆ ಇಳಿಯುವ ಉದ್ದ. ಸುರುಳಿ ಕೂದಲು ತನ್ನ ಉದ್ದವನ್ನು ಮುಚ್ಚಿಟ್ಟುಕೊಳ್ಳುತ್ತದೆ ಎಂಬುದನ್ನೂ ಇಲ್ಲಿ ಸೇರಿಸಿಕೊಳ್ಳಬೇಕು. ಎಳೆದು ಹಿಡಿದಾಗ 30 ಸೆಂಟಿಮೀಟರ್ ಬರುವ ಎಳೆ ಬಿಟ್ಟಾಗ ಅದರ ಮೂರನೇ ಒಂದರಷ್ಟೇ ಕಾಣಬಹುದು.

ಕೂದಲನ್ನು ಹುಟ್ಟಿಸುವ ಜೀವಕೋಶಗಳು ಚರ್ಮದೊಳಗೆ ಕೆಲವು ಮಿಲಿಮೀಟರ್ ಆಳದಲ್ಲಿವೆ. ರಕ್ತನಾಳಗಳು ಅವುಗಳಿಗೆ ಅನ್ನ ಒದಗಿಸುತ್ತವೆ. ಅನುವಂಶೀಯತೆ, ಹಾರ್ಮೋನು, ವಯಸ್ಸು, ದೇಹದಲ್ಲಿನ ಕಬ್ಬಿಣಾಂಶ, ಥೈರಾಯಿಡ್ ಗ್ರಂಥಿಯ ಸ್ಥಿತಿ, ಬಾಣಂತನ ಇವೆಲ್ಲ ಅವುಗಳ ಕೆಲಸದ ವೇಗವನ್ನು ಏರಿಳಿಸುತ್ತವೆ. ಚರ್ಮದ ಮೇಲೆ ಬಂದ ಕೂದಲಾದರೋ ಜೀವವಿಲ್ಲದ ಕೆರಾಟಿನ್ ಎಳೆ. ಅದಕ್ಕೆ ರಕ್ತವಿಲ್ಲ, ನರವಿಲ್ಲ, ತನ್ನನ್ನು ತಾನೇ ರಿಪೇರಿ ಮಾಡಿಕೊಳ್ಳುವ ಶಕ್ತಿಯಿಲ್ಲ. ಎಳೆಯ ಮೇಲೆ ಸವರಿದ ಯಾವ ಬೆಣ್ಣೆಯೂ ಆಳದಲ್ಲಿರುವ ಬುಡಕ್ಕೆ ಬೇಗ ಬೆಳೆ ಎಂದು ಹೇಳಲಾರದು. ಮಿನಾಕ್ಸಿಡಿಲ್‌ನಂಥ ಔಷಧ ಬುಡದ ಮೇಲೆ ಕೆಲಸ ಮಾಡುತ್ತದೆಂಬುದಕ್ಕೆ ರೋಗಿಗಳ ಮೇಲೆ ನಡೆದ ಪ್ರಯೋಗಗಳ ಬೆಂಬಲವಿದೆ. ಅಮೆರಿಕ 1988ರಲ್ಲಿ ಅದನ್ನು ಬೋಳುತಲೆಯ ಚಿಕಿತ್ಸೆಗೆ ಒಪ್ಪಿತು. ಶಿಯಾ ಬೆಣ್ಣೆಗೆ ಅಂಥ ಬೆಂಬಲವಿಲ್ಲ. ಕೂದಲು ಬೆಳೆಯುವ ವೇಗ ಹೆಚ್ಚಿಸುತ್ತದೆಂದು ಹೇಳಿ ಅದನ್ನು ಮಾರುವುದು ಕೊಳ್ಳುವವರಿಗೆ ಮಾಡುವ ಅನ್ಯಾಯ. ಅದು ನಿಜವಾಗಿ ಮಾಡುವ ಕೆಲಸವೇ ಸಾಕಷ್ಟು ದೊಡ್ಡದು.

ಆ ಕೆಲಸ ಏನೆಂದು ತಿಳಿಯಲು ಸುರುಳಿ ಕೂದಲು ಯಾಕೆ ಮುರಿಯುತ್ತದೆ ಎಂಬುದು ಗೊತ್ತಿರಬೇಕು.

ನೇರ ಕೂದಲಿನ ಬುಡದ ಕುಳಿ ಚರ್ಮದಲ್ಲಿ ಹೆಚ್ಚುಕಡಿಮೆ ನೇರವಾಗಿ ಇಳಿದಿರುತ್ತದೆ. ಗುಂಗುರು ಕೂದಲಿನ ಕುಳಿ ಒಳಗೇ ಬಾಗಿರುತ್ತದೆ. ಹೀಗಾಗಿ ಎಳೆ ಹೊರಬರುವಾಗಲೇ ತಿರುಚಿಕೊಂಡು ಬರುತ್ತದೆ, ಅಡ್ಡಕ್ಕೆ ಕತ್ತರಿಸಿ ನೋಡಿದರೆ ದುಂಡಗಿರದೆ ಚಪ್ಪಟೆ ಅಂಡಾಕಾರವಾಗಿರುತ್ತದೆ. ಎಳೆದಾಗ ಬಲವೆಲ್ಲ ಒಂದೊಂದು ತಿರುವಿನಲ್ಲೂ ಕೇಂದ್ರೀಕರಿಸುತ್ತದೆ. ಒಂದು ಸುರುಳಿ ಪಕ್ಕದ ಸುರುಳಿಗೆ ಸಿಕ್ಕಿಕೊಂಡು ಗಂಟಾಗುತ್ತದೆ. ಸಣ್ಣ ಹಲ್ಲಿನ ಬಾಚಣಿಗೆ ಆ ಗಂಟಿಗೆ ತಾಗಿದರೆ ಬಿಡಿಸುವುದಿಲ್ಲ, ಕಿತ್ತುಹಾಕುತ್ತದೆ. ಇನ್ನೊಂದು ತೊಂದರೆ ಎಣ್ಣೆಯ ದಾರಿಯದ್ದು. ಚರ್ಮದ ತೈಲಗ್ರಂಥಿಗಳು ಸ್ರವಿಸುವ ಸೀಬಮ್ ನೇರ ಕೂದಲಿನ ಉದ್ದಕ್ಕೂ ಸುಲಭವಾಗಿ ಇಳಿಯುತ್ತದೆ. ಬಿಗಿ ಸುರುಳಿಯಲ್ಲಿ ಅದು ಬುಡದ ಹತ್ತಿರವೇ ಉಳಿದುಬಿಡುತ್ತದೆ. ತಲೆ ಜಿಡ್ಡಾಗಿದ್ದರೂ ತುದಿ ಒಣಗಿರುವುದು ಹೀಗೆ.

ಕೂದಲಿನ ಹೊರಪೊರೆ ಒಂದರ ಮೇಲೊಂದು ಹೊದ್ದ ಚಪ್ಪಟೆ ಕೋಶಗಳ ಆರೆಂಟು ಪದರ. ಹೊಸ ಕೂದಲಿನ ಮೇಲೆ ಅದಕ್ಕೂ ಹೊರಗೆ ಕಣ್ಣಿಗೆ ಕಾಣದಷ್ಟು ತೆಳ್ಳಗಿನ ಕೊಬ್ಬಿನ ಲೇಪವಿರುತ್ತದೆ. ನೀರು ಜಾರಿಹೋಗುವುದು, ಎಳೆಗಳು ಒಂದನ್ನೊಂದು ಉಜ್ಜದೆ ಸರಿಯುವುದು ಅದರಿಂದಲೇ. ಬ್ಲೀಚು, ಬಣ್ಣ, ಕೂದಲು ನೇರ ಮಾಡುವ ಕ್ಷಾರಗಳು ಈ ಲೇಪವನ್ನು ಕಿತ್ತುಹಾಕುತ್ತವೆ. ಬಿಸಿಲು, ತೊಳೆಯುವುದು, ಬಾಚುವುದು ನಿಧಾನವಾಗಿ ಸವೆಸುತ್ತವೆ. ತುದಿಯ ಕೂದಲು ಎಲ್ಲಕ್ಕಿಂತ ಹಳೆಯದು. ನಾಲ್ಕು ವರ್ಷದ ಬಾಚಣಿಗೆಯ ಏಟು ತಿಂದದ್ದು ಅದೇ. ಲೇಪ ಹೋದ ಮೇಲೆ ನೀರು ಸಲೀಸಾಗಿ ಒಳನುಗ್ಗಿ ಎಳೆ ಅಡ್ಡಕ್ಕೆ ಶೇಕಡಾ ಹದಿನೈದರಷ್ಟು ಉಬ್ಬಬಹುದು, ಒಣಗಿದಾಗ ಕುಗ್ಗುತ್ತದೆ. ಪದೇಪದೇ ಉಬ್ಬಿ ಕುಗ್ಗಿದ ಹೊರಪೊರೆ ಚಕ್ಕೆಯೇಳುತ್ತದೆ, ಒಳಗಿನ ನಾರು ಬಯಲಾಗುತ್ತದೆ, ತುದಿ ಸೀಳುತ್ತದೆ, ಕೊನೆಗೆ ಮುರಿಯುತ್ತದೆ.

ಇಲ್ಲಿಗೆ ಬೇಕಾದದ್ದು ಎಳೆಯ ಮೇಲೆ ಗಟ್ಟಿಯಾಗಿ ಕೂರುವ, ಉಜ್ಜಾಟ ತಗ್ಗಿಸುವ, ನೀರಿನ ಓಡಾಟವನ್ನು ನಿಧಾನಿಸುವ ಒಂದು ಕೊಬ್ಬು. ಸಹರಾ ಮರುಭೂಮಿಯ ದಕ್ಷಿಣದ ಒಣಭೂಮಿಯಲ್ಲಿ ಅದು ಮರದ ಮೇಲೆ ಬೆಳೆಯುತ್ತದೆ.

ಶಿಯಾ ಮರದ ವೈಜ್ಞಾನಿಕ ಹೆಸರು ವಿಟೆಲ್ಲಾರಿಯಾ ಪ್ಯಾರಡಾಕ್ಸಾ. ಪಶ್ಚಿಮದಲ್ಲಿ ಸೆನೆಗಲ್‌ನಿಂದ ಪೂರ್ವದಲ್ಲಿ ಇಥಿಯೋಪಿಯ, ಉಗಾಂಡದವರೆಗೆ ಸುಮಾರು 5000 ಕಿಲೋಮೀಟರ್ ಉದ್ದದ ಪಟ್ಟಿಯಲ್ಲಿ ಅದರ ನೆಲೆ. ಘಾನಾದ ಆಕನ್ ಜನ ಅದರ ಬೆಣ್ಣೆಗೆ ನ್‌ಕುಟೊ ಎನ್ನುತ್ತಾರೆ, ಯೊರುಬಾ ಜನ ಓರಿ, ಫ್ರೆಂಚ್ ಆಡುವ ದೇಶಗಳಲ್ಲಿ ಕಾರಿಟೆ. ಕನ್ನಡ ನಾಡಿನವರಿಗೆ ಈ ಮರದ ಬಂಧುಬಳಗ ಅಪರಿಚಿತವಲ್ಲ: ಕೆರೆಯಂಚಿನ ಹಿಪ್ಪೆ, ಹೂ ಬಾಡಿದರೂ ಘಮ ಬಿಡದ ಬಕುಳ, ಹಣ್ಣಿನಂಗಡಿಯ ಸಪೋಟ, ಮೂರೂ ಶಿಯಾದ ಸಪೋಟೇಸಿ ಕುಟುಂಬದವೇ. ಶಿಯಾ ಮರ ದಪ್ಪ ಬೆಂಡಿನಂಥ ತೊಗಟೆಯಿಂದಾಗಿ ಬೇಸಿಗೆಯ ಹುಲ್ಲುಬೆಂಕಿಯನ್ನು ತಡೆದುಕೊಳ್ಳುತ್ತದೆ. ಬೀಜದಿಂದ ಹುಟ್ಟಿದ ಮರ ಫಲ ಕೊಡಲು ಹದಿನೈದು ಇಪ್ಪತ್ತು ವರ್ಷ ಬೇಕು. ಕೊಡತೊಡಗಿದರೆ ತಲೆಮಾರುಗಳ ಕಾಲ ಕೊಡುತ್ತದೆ. ಹೊಲ ಹಸನು ಮಾಡುವಾಗ ರೈತರು ಉಳಿದ ಗಿಡಗಂಟಿ ಕಡಿದು ಇದನ್ನು ಮಾತ್ರ ಬಿಡುತ್ತಾರೆ. ಜೋಳ, ಸಜ್ಜೆಯ ಹೊಲದ ನಡುವೆ ಅಲ್ಲಲ್ಲಿ ನಿಂತ ಶಿಯಾ ಮರಗಳು ಆ ನಾಡಿನ ಚಹರೆಯೇ ಆಗಿಹೋಗಿವೆ.

ಬಳಕೆ ಎಷ್ಟು ಹಳೆಯದು? ಬುರ್ಕಿನಾ ಫಾಸೊದ ಕಿರಿಕೊಂಗೊ ಎಂಬಲ್ಲಿ ಅಗೆದ ಪುರಾತತ್ವಜ್ಞರು ಒಂದರ ಮೇಲೊಂದು ಕಟ್ಟಿದ ಮನೆಗಳ ಪದರಪದರದಲ್ಲೂ ಶಿಯಾ ಬೀಜದ ಚಿಪ್ಪುಗಳನ್ನು ಕಂಡರು. ಅತ್ಯಂತ ಕೆಳಗಿನವು ಕ್ರಿ.ಶ. 100ರ ಸುಮಾರಿನವು. ಮೊರಾಕ್ಕೊದ ಪ್ರವಾಸಿ ಇಬ್ನ್ ಬತೂತ 1352ರಲ್ಲಿ ಮಾಲಿ ರಾಜ್ಯಕ್ಕೆ ಹೋದಾಗ ಈ ಮರದ ಎಣ್ಣೆಯಲ್ಲಿ ಜನ ಅಡುಗೆ ಮಾಡುವುದನ್ನು, ದೀಪ ಹಚ್ಚುವುದನ್ನು, ಮೈಗೆ ಸವರಿಕೊಳ್ಳುವುದನ್ನು, ಮಣ್ಣಿಗೆ ಬೆರೆಸಿ ಮನೆಗೆ ಮೆತ್ತುವುದನ್ನು ಬರೆದಿಟ್ಟ. ನಾಲ್ಕೂವರೆ ಶತಮಾನದ ನಂತರ ಸ್ಕಾಟ್ಲೆಂಡಿನ ಮಂಗೊ ಪಾರ್ಕ್ ನೈಜರ್ ನದಿಯ ದಾರಿಯಲ್ಲಿ ಅದೇ ಬೆಣ್ಣೆಯನ್ನು ತಿಂದು ಮೆಚ್ಚಿದ. ಸಸ್ಯಶಾಸ್ತ್ರಜ್ಞರು ಬಹುಕಾಲ ಈ ಮರವನ್ನು ಅವನ ಹೆಸರಿನಿಂದಲೇ ಕರೆದರು. ಹಣ್ಣು ಆರಿಸಿ ಬೆಣ್ಣೆ ತೆಗೆದ ಹೆಂಗಸರ ಹೆಸರು ಯಾವ ದಾಖಲೆಯಲ್ಲೂ ಇಲ್ಲ.

ಮಳೆಗಾಲ ಹಿಡಿದಾಗ ಹಣ್ಣು ಉದುರುತ್ತದೆ. ಘಾನಾದ ಉತ್ತರ ಭಾಗದ ತಮಾಲೆ ಸುತ್ತಲಿನ ಹಳ್ಳಿಗಳಲ್ಲಿ ಹೆಂಗಸರು ನಸುಕಿನಲ್ಲೇ ಬೋಗುಣಿ ಹೊತ್ತು ಹೊರಡುತ್ತಾರೆ. ಎತ್ತರದ ಹುಲ್ಲಿನಲ್ಲಿ ಹಾವಿನ ಭಯವಿದೆ. ಹಣ್ಣು ಆರಿಸುವುದು ಅಪಾಯದ ಕೆಲಸ. ಹಸಿರು ಹಣ್ಣಿನ ಸಿಹಿ ತಿರುಳನ್ನು ಅಲ್ಲೇ ತಿನ್ನುತ್ತಾರೆ. ಬಿತ್ತನೆಯ ಆ ದಿನಗಳಲ್ಲಿ ಮನೆಯ ಕಣಜ ಬರಿದಾಗಿರುತ್ತದೆ, ಆದ್ದರಿಂದ ಅದು ಹೊಟ್ಟೆಯ ಆಸರೆಯೂ ಹೌದು. ಒಳಗಿನ ಹೊಳೆಯುವ ಕಂದು ಬೀಜವನ್ನು ಮನೆಗೆ ತಂದು ಕುದಿಸುತ್ತಾರೆ. ಕುದಿಸುವುದರಲ್ಲಿ ರಸಾಯನಶಾಸ್ತ್ರದ ಜಾಣತನವಿದೆ: ಹಸಿ ಬೀಜದಲ್ಲಿ ಕೊಬ್ಬನ್ನು ಒಡೆಯುವ ಕಿಣ್ವಗಳಿರುತ್ತವೆ, ಬಿಟ್ಟರೆ ಬೆಣ್ಣೆ ಕಮಟು ಹತ್ತುತ್ತದೆ. ಕುದಿನೀರು ಕಿಣ್ವವನ್ನೂ ಮೊಳಕೆಯನ್ನೂ ಒಟ್ಟಿಗೆ ನಿಲ್ಲಿಸುತ್ತದೆ. ಆಮೇಲೆ ಬಿಸಿಲಿಗೆ ಒಣಗಿಸಿ, ಚಿಪ್ಪು ಒಡೆದು, ತಿರುಳು ತೆಗೆದು ಮತ್ತೆ ಒಣಗಿಸುತ್ತಾರೆ. ಈ ಒಣತಿರುಳಿನ ತೂಕದಲ್ಲಿ ಹೆಚ್ಚುಕಡಿಮೆ ಅರ್ಧ ಕೊಬ್ಬು.

ಬೆಣ್ಣೆ ತೆಗೆಯುವ ದಿನ ತಿರುಳನ್ನು ಕುಟ್ಟಿ, ಹುರಿದು, ಗಿರಣಿಯಲ್ಲಿ ಬೀಸಿ ಚಾಕಲೇಟ್ ಬಣ್ಣದ ಸರಿ ಮಾಡಿಕೊಳ್ಳುತ್ತಾರೆ. ಅಗಲ ಬೋಗುಣಿಗೆ ಹಾಕಿ, ನೀರು ಚಿಮುಕಿಸುತ್ತ ಮೊಣಕೈವರೆಗೆ ಕೈಯಿಳಿಸಿ ಕಲಸುತ್ತಾರೆ. ಬೀಸುವುದಕ್ಕೆ ಗಿರಣಿ ಬಂದ ಊರುಗಳಲ್ಲೂ ಈ ಕಲಸುವಿಕೆ ಕೈಯದ್ದೇ. ಮೊಸರು ಕಡೆಯುವಾಗ ಬೆಣ್ಣೆ ಬೇರ್ಪಡುವ ಗಳಿಗೆ ಕಡೆಯುವವಳ ಕೈಗೆ ತಿಳಿಯುವಂತೆ, ನೀರು ಇನ್ನೆಷ್ಟು ಬೇಕು, ಬಿಸಿಯದ್ದೋ ತಣ್ಣನೆಯದ್ದೋ ಎಂಬುದು ಇಲ್ಲಿ ಕೈಗೇ ತಿಳಿಯಬೇಕು. ಕಂದು ಸರಿ ನಿಧಾನವಾಗಿ ಬೆಳ್ಳಗಾಗುತ್ತ ನೊರೆಯಂಥ ಕೊಬ್ಬು ಮೇಲೇಳುತ್ತದೆ. ಅದನ್ನು ತೊಳೆದು, ನೀರಿನಂಶ ಹೋಗುವವರೆಗೆ ಕುದಿಸಿ, ಗಷ್ಟು ತಳದಲ್ಲಿ ಬಿಟ್ಟು ತಿಳಿಯನ್ನು ಸೋಸಿ ಆರಲು ಬಿಡುತ್ತಾರೆ. ಕೊಡಗಟ್ಟಲೆ ನೀರು, ಹೊರೆ ಸೌದೆ, ಒಂದಿಡೀ ದಿನದ ಬೆನ್ನುನೋವು ಇದರ ಹಿಂದಿವೆ. ಬೆಣ್ಣೆಯ ಸಹಜ ಬಣ್ಣ ಕೆನೆಯದ್ದು. ಘಾನಾದ ಸಂತೆಯಲ್ಲಿ ಸಿಗುವ ಗಾಢ ಹಳದಿ ಬೆಣ್ಣೆಗೆ ಬಹಳ ಸಲ ಬೊರುಟುಟು ಎಂಬ ಬೇರಿನ ಬಣ್ಣ ಹಾಕಿರುತ್ತಾರೆ. ಹಳದಿಯಾದಷ್ಟೂ ಉತ್ತಮ ಎಂಬ ನಂಬಿಕೆಗೆ ಆಧಾರವಿಲ್ಲ.

ಈ ಬೆಣ್ಣೆಯಲ್ಲಿ ಮುಖ್ಯವಾಗಿ ಇರುವುದು ಎರಡು ಕೊಬ್ಬಿನಾಮ್ಲಗಳು: ಓಲಿಯಿಕ್ ಮತ್ತು ಸ್ಟಿಯರಿಕ್. ಎರಡೂ ಸೇರಿ ಒಟ್ಟು ಕೊಬ್ಬಿನ ಬಹುಪಾಲು. ಸ್ಟಿಯರಿಕ್ ಗಟ್ಟಿತನ ಕೊಡುತ್ತದೆ, ಓಲಿಯಿಕ್ ಸವರಲು ಬರುವ ಮೆದುತನ. ಪೂರ್ವ ಆಫ್ರಿಕದ ನಿಲೋಟಿಕಾ ಎಂಬ ಉಪಪ್ರಭೇದದಲ್ಲಿ ಓಲಿಯಿಕ್ ಹೆಚ್ಚು. ಉಗಾಂಡದ ಬೆಣ್ಣೆ ಅದಕ್ಕೇ ಘಾನಾದ್ದಕ್ಕಿಂತ ಮೆತ್ತಗೆ. ಎರಡೂ ಅಂಗೈಯ ಬಿಸಿಗೆ ಕರಗುತ್ತವೆ, ಕೋಣೆಯ ತಂಪಿಗೆ ಮತ್ತೆ ಹೆಪ್ಪುಗಟ್ಟುತ್ತವೆ. ಉಳಿದ ಖಾದ್ಯತೈಲಗಳಿಂದ ಶಿಯಾವನ್ನು ಬೇರೆಯಾಗಿಸುವುದು ಅದರಲ್ಲಿನ ಸಾಬೂನಾಗದ ಅಂಶ. ಹೆಚ್ಚಿನ ಎಣ್ಣೆಗಳಲ್ಲಿ ಇದು ನೂರಕ್ಕೆ ಒಂದೆರಡು ಪಾಲು ಇದ್ದರೆ ಶಿಯಾದಲ್ಲಿ ಅದರ ಹಲವು ಪಟ್ಟು. ಲೂಪಿಯಾಲ್, ಅಮೈರಿನ್, ಬ್ಯುಟಿರೋಸ್ಪರ್ಮಾಲ್ ಎಂಬ ವಸ್ತುಗಳು ಸಿನಮಿಕ್ ಆಮ್ಲದೊಂದಿಗೆ ಕೂಡಿ ಅಲ್ಲಿರುತ್ತವೆ. ಇಲಿಗಳ ಮೇಲಿನ ಪ್ರಯೋಗದಲ್ಲಿ ಇವು ಉರಿಯೂತ ತಗ್ಗಿಸಿದ್ದು ಕಂಡಿದೆ. ಮನುಷ್ಯನ ನೆತ್ತಿಯ ಮೇಲೂ ಹಾಗೇ ಆಗುತ್ತದೆಂದು ಅಲ್ಲಿಂದ ಹಾರಿ ಹೇಳುವಂತಿಲ್ಲ.

ಇದೇ ಬಗೆಯ ಗಟ್ಟಿ ಕೊಬ್ಬು ಕರ್ನಾಟಕದ ಪಶ್ಚಿಮಘಟ್ಟದಲ್ಲೂ ಇದೆ. ಉತ್ತರ ಕನ್ನಡದ ಮನೆಗಳಲ್ಲಿ ಹಿಮ್ಮಡಿ ಒಡೆದರೆ ಹಚ್ಚುವ ಮುರುಗಲ ತುಪ್ಪದಲ್ಲಿಯೂ ಸ್ಟಿಯರಿಕ್ ಮತ್ತು ಓಲಿಯಿಕ್ ಆಮ್ಲಗಳೇ ಪ್ರಧಾನ, ಸ್ಟಿಯರಿಕ್ ತುಸು ಹೆಚ್ಚು. ಯುರೋಪಿನ ಒಕ್ಕೂಟ 2000ದಲ್ಲಿ ಚಾಕಲೇಟಿಗೆ ಶೇಕಡಾ 5ರವರೆಗೆ ಬೆರೆಸಬಹುದೆಂದು ಒಪ್ಪಿದ ಆರು ಸಸ್ಯಕೊಬ್ಬುಗಳಲ್ಲಿ ಶಿಯಾ ಒಂದು. ಮುರುಗಲು, ಸಾಲವೃಕ್ಷದ ಬೀಜ, ಮಾವಿನ ಓಟೆಯ ತಿರುಳು ಅದೇ ಪಟ್ಟಿಯ ಹೆಸರುಗಳು. ಹಡಗೇರುವ ಶಿಯಾದಲ್ಲಿ ಹೆಚ್ಚಿನ ಪಾಲು ಹೋಗುವುದು ಈ ಚಾಕಲೇಟ್ ಮತ್ತು ಬೇಕರಿ ಉದ್ಯಮಕ್ಕೆ. ಕೂದಲಿಗೂ ಚರ್ಮಕ್ಕೂ ಸೇರಿ ಸಲ್ಲುವುದು ಅದರ ಸಣ್ಣ ತುಂಡು.

ಕೊಬ್ಬರಿ ಎಣ್ಣೆಯ ನಾಡಿನವರು ಇಲ್ಲಿ ಕೇಳಬಹುದಾದ ಪ್ರಶ್ನೆ ಸಹಜವಾದದ್ದು: ಎರಡರಲ್ಲಿ ಯಾವುದು ಮೇಲು? ಉತ್ತರ ಎರಡರ ಅಣುಗಳಲ್ಲಿದೆ. ಕೊಬ್ಬರಿ ಎಣ್ಣೆಯ ಅರ್ಧದಷ್ಟು ಲಾರಿಕ್ ಆಮ್ಲ. ಅದರ ಸರಪಳಿ ಬರೀ ಹನ್ನೆರಡು ಇಂಗಾಲದ್ದು, ನೇರವಾದದ್ದು. ಹೊರಪೊರೆಯ ಸಂದಿಗಳಲ್ಲಿ ನುಸುಳಿ ಕೂದಲಿನ ಒಳಗೆ ಹೋಗಬಲ್ಲದು. ಭಾರತದ ಆರತಿ ರೇಲೆ ಮತ್ತು ಆರ್. ಬಿ. ಮೋಹಿಲೆ 2003ರಲ್ಲಿ ಕೊಬ್ಬರಿ ಎಣ್ಣೆ, ಸೂರ್ಯಕಾಂತಿ ಎಣ್ಣೆ, ಖನಿಜ ತೈಲ ಮೂರನ್ನೂ ಹೋಲಿಸಿದರು. ತೊಳೆಯುವಾಗ ಕೂದಲಿನಿಂದ ಸೋರಿಹೋಗುವ ಪ್ರೋಟೀನನ್ನು ಗಣನೀಯವಾಗಿ ತಗ್ಗಿಸಿದ್ದು ಕೊಬ್ಬರಿ ಎಣ್ಣೆ ಒಂದೇ. ಶಿಯಾದ ಸರಪಳಿಗಳಲ್ಲಿ ಹದಿನೆಂಟು ಇಂಗಾಲ. ಅದು ಹೆಚ್ಚಾಗಿ ಮೇಲೆಯೇ ಉಳಿಯುತ್ತದೆ. ಹಾಗಾಗಿ ಒಂದು ಇನ್ನೊಂದರ ಬದಲಿಯಲ್ಲ: ತಲೆ ತೊಳೆಯುವ ಮುನ್ನ ಕೊಬ್ಬರಿ ಎಣ್ಣೆ, ತೊಳೆದ ಮೇಲೆ ತುದಿಗೆ ಶಿಯಾ ಎಂಬ ಸರದಿ ವಿಜ್ಞಾನಕ್ಕೆ ಒಪ್ಪುತ್ತದೆ.

ಶಿಯಾವನ್ನು ಬಲ್ಲವರು ಬಳಸುವ ರೀತಿ ನೋಡಿದರೆ ಅವರಿಗೆ ಈ ಗುಣ ಮೊದಲೇ ಗೊತ್ತಿತ್ತು ಅನ್ನಿಸುತ್ತದೆ. ಕೂದಲನ್ನು ಮೊದಲು ಒದ್ದೆ ಮಾಡುತ್ತಾರೆ. ಕೊಬ್ಬಿನಲ್ಲಿ ನೀರಿಲ್ಲ; ಒಣಗಿದ ಕೂದಲಿಗೆ ಬರೀ ಬೆಣ್ಣೆ ಮೆತ್ತಿದರೆ ಒಣಗಿದ್ದು ಒಣಗಿದಂತೆಯೇ ಇರುತ್ತದೆ, ಜೊತೆಗೆ ಜಿಡ್ಡು. ಮೊದಲು ನೀರು, ಆಮೇಲೆ ತೆಳು ಎಣ್ಣೆ, ಕೊನೆಗೆ ಕ್ರೀಮ್ ಅಥವಾ ಬೆಣ್ಣೆ ಎಂಬ ಕ್ರಮಕ್ಕೆ ಅಮೆರಿಕದಲ್ಲಿ ಎಲ್‌ಓಸಿ (ಲಿಕ್ವಿಡ್, ಆಯಿಲ್, ಕ್ರೀಮ್) ಎಂಬ ಹೆಸರೇ ಬಿದ್ದಿದೆ. ಚಿಟಿಕೆ ಬೆಣ್ಣೆಯನ್ನು ಅಂಗೈಗಳ ನಡುವೆ ಪೂರ್ತಿ ಕರಗಿಸಿ, ಕೂದಲನ್ನು ಪಾಲು ಪಾಲು ಮಾಡಿಕೊಂಡು ಕೊನೆಯ ಎರಡು ಮೂರು ಅಂಗುಲಕ್ಕೆ ಸವರುತ್ತಾರೆ. ಅಗಲ ಹಲ್ಲಿನ ಬಾಚಣಿಗೆಯಿಂದಲೋ ಬೆರಳಿನಿಂದಲೋ ತುದಿಯಿಂದ ಬುಡದತ್ತ ಸಿಕ್ಕು ಬಿಡಿಸುತ್ತಾರೆ. ನಂತರ ಎರಡೆಳೆ ಹುರಿ ಮಾಡಿಯೋ ಜಡೆ ಹೆಣೆದೋ ತುದಿಗಳನ್ನು ಒಳಗೆ ಸಿಕ್ಕಿಸಿ ಹಲವು ದಿನ ಮುಟ್ಟದೆ ಬಿಡುತ್ತಾರೆ. ರಾತ್ರಿ ನುಣುಪಾದ ಸ್ಯಾಟಿನ್ ಟೊಪ್ಪಿ, ಏಕೆಂದರೆ ಹತ್ತಿಯ ದಿಂಬು ನೀರನ್ನೂ ಎಳೆದುಕೊಳ್ಳುತ್ತದೆ, ಎಳೆಯನ್ನೂ ಉಜ್ಜುತ್ತದೆ. ಉದ್ದ ಉಳಿಯುವುದು ಈ ಇಡೀ ಸರಣಿಯಿಂದ. ಹೆಣೆಯದೆ, ಸಿಕ್ಕು ಬಿಡಿಸದೆ, ವಾರಕ್ಕೊಮ್ಮೆ ಬಿಸಿ ಇಸ್ತ್ರಿಯಿಂದ ಕೂದಲು ನೇರ ಮಾಡಿಕೊಳ್ಳುತ್ತ ಶಿಯಾ ಒಂದನ್ನೇ ನಂಬಿದರೆ ಫಲವಿಲ್ಲ.

ಚಾಡ್ ದೇಶದ ಬಸಾರಾ ಹೆಂಗಸರು ಇದಕ್ಕೆ ಒಳ್ಳೆಯ ಸಾಕ್ಷಿ. ಅವರ ಸೊಂಟದವರೆಗಿನ ಜಡೆಗಳು ಜಗತ್ತಿನಲ್ಲೆಲ್ಲ ಹೆಸರಾಗಿವೆ. ಅವರು ಬಳಸುವ ಚೆಬೆ ಎಂಬ ಪುಡಿ ಕ್ರೋಟಾನ್ ಜಾತಿಯ ಗಿಡದ ಬೀಜ, ಲವಂಗ ಮುಂತಾದವುಗಳದ್ದು. ಅದನ್ನು ಎಣ್ಣೆ ಅಥವಾ ಕೊಬ್ಬಿನೊಂದಿಗೆ ಕಲಸಿ ಒದ್ದೆ ಕೂದಲಿನ ಉದ್ದಕ್ಕೆ ಮೆತ್ತಿ, ಹೆಣೆದು, ದಿನಗಟ್ಟಲೆ ಹಾಗೇ ಬಿಡುತ್ತಾರೆ. ನೆತ್ತಿಗೆ ಹಚ್ಚುವುದಿಲ್ಲ! ಬೆಳೆಸುವ ಔಷಧವಾಗಿದ್ದರೆ ಮೊದಲು ಹಚ್ಚಬೇಕಾಗಿದ್ದದ್ದು ನೆತ್ತಿಗೇ. ಅವರ ಗಮನವಿರುವುದು ಎಳೆ ಮುರಿಯದಿರುವುದರ ಮೇಲೆ.

ಅಮೆರಿಕದ ಕಥೆ ಬೇರೆ ದಾರಿಯಲ್ಲಿ ನಡೆಯಿತು. ಗುಲಾಮಗಿರಿ ಅಳಿದ ಮೇಲಿನ ಮೊದಲ ತಲೆಮಾರಿನಲ್ಲಿ ಹುಟ್ಟಿ, ಬಟ್ಟೆ ಒಗೆದು ಬದುಕಿದ್ದ ಮೇಡಂ ಸಿ. ಜೆ. ವಾಕರ್ ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ‘ವಂಡರ್‌ಫುಲ್ ಹೇರ್ ಗ್ರೋವರ್’ ಮಾರಿ ದೊಡ್ಡ ಉದ್ಯಮ ಕಟ್ಟಿದರು. ಅದರಲ್ಲಿ ಶಿಯಾ ಇರಲಿಲ್ಲ. ಪೆಟ್ರೋಲಿಯಂ ಜೆಲ್ಲಿ ಮತ್ತು ಗಂಧಕ ಇದ್ದವು. ಗಂಧಕ ನೆತ್ತಿಯ ಹೊಟ್ಟು, ಸೋಂಕುಗಳನ್ನು ತಗ್ಗಿಸುವ ಹಳೆಯ ಔಷಧ. ನೆತ್ತಿ ವಾಸಿಯಾದಾಗ ಕೂದಲೂ ಸುಧಾರಿಸಿತು. ಶಿಯಾ ಅಮೆರಿಕದ ಅಂಗಡಿಗಳ ಕಪಾಟಿಗೆ ದೊಡ್ಡದಾಗಿ ಬಂದದ್ದು ಆ ಶತಮಾನದ ಕೊನೆಯಲ್ಲಿ. ಸಿಯೆರಾ ಲಿಯೋನ್‌ನ ಬೋಂಥೆಯಲ್ಲಿ 1912ರ ಸುಮಾರಿಗೆ ಶಿಯಾ ಬೀಜ, ಸಾಬೂನು ಮಾರುತ್ತಿದ್ದ ಸೋಫಿ ಟಕರ್ ಎಂಬಾಕೆಯ ಮೊಮ್ಮಗ ರಿಶೆಲ್ಯೂ ಡೆನಿಸ್ 1991ರಲ್ಲಿ ನ್ಯೂಯಾರ್ಕಿನಲ್ಲಿ ಶುರುಮಾಡಿದ ಉದ್ಯಮದಿಂದ ಶಿಯಾಮಾಯಿಶ್ಚರ್ ಎಂಬ ಬ್ರ್ಯಾಂಡ್ ಹುಟ್ಟಿತು. 2017ರಲ್ಲಿ ಯೂನಿಲಿವರ್ ಅದನ್ನು ಕೊಂಡಿತು.

ಸುರುಳಿ ಕೂದಲಿನ ಈ ವಿಜ್ಞಾನ ಕರ್ನಾಟಕಕ್ಕೆ ಹೊರಗಿನದ್ದಲ್ಲ ಎಂಬುದನ್ನು ಇಲ್ಲಿ ಹೇಳಲೇಬೇಕು. ಉತ್ತರ ಕನ್ನಡದ ಯಲ್ಲಾಪುರ, ಹಳಿಯಾಳ, ಮುಂಡಗೋಡ, ಅಂಕೋಲೆ ಕಡೆಯ ಸಿದ್ದಿ ಜನರ ಪೂರ್ವಜರನ್ನು ಪೋರ್ಚುಗೀಸರ ಕಾಲದ ಗುಲಾಮರ ವ್ಯಾಪಾರ ಗೋವೆಯ ಮೂಲಕ ಈ ನೆಲಕ್ಕೆ ತಂದಿತು. ಅವರು ಬಂದದ್ದು ಬಹುಮಟ್ಟಿಗೆ ಆಫ್ರಿಕದ ಪೂರ್ವ ಮತ್ತು ಆಗ್ನೇಯ ಭಾಗದಿಂದ, ಶಿಯಾ ಬೆಳೆಯುವ ನಾಡಿನಿಂದಲ್ಲ. ಆದರೆ ಬಾಗಿದ ಕುಳಿ, ಅಂಡಾಕಾರದ ಎಳೆ, ತಿರುವಿನಲ್ಲಿ ಮುರಿಯುವ ಭೌತಶಾಸ್ತ್ರ ಅದೇ. ಕನ್ನಡದ ಪತ್ರಿಕೆಗಳ ಸೌಂದರ್ಯದ ಪುಟಗಳಲ್ಲಿ ಬರುವ ಸಲಹೆಗಳು ಹೆಚ್ಚಾಗಿ ನೇರ ಕೂದಲನ್ನೇ ಎದುರಿಗಿಟ್ಟುಕೊಂಡು ಬರೆದವು: ದಿನಕ್ಕೆರಡು ಬಾರಿ ಚೆನ್ನಾಗಿ ಬಾಚಿ ಎಂಬ ಮಾತು ಬಿಗಿ ಸುರುಳಿಯ ಕೂದಲಿಗೆ ಹಾನಿಯೇ. ಯಲ್ಲಾಪುರದ ಶಾಲೆಗೆ ಹೋಗುವ ಹುಡುಗಿಗೂ ಅವಳ ಕೂದಲಿಗೆ ಹೊಂದುವ ಮಾಹಿತಿ ಅವಳ ಭಾಷೆಯಲ್ಲಿ ಸಿಗಬೇಕು. ಅವಳಿಗೆ ಘಾನಾದ ಬೆಣ್ಣೆಯೇ ಬೇಕೆಂದಿಲ್ಲ. ಅದೇ ಕಾಡಿನ ಮುರುಗಲ ತುಪ್ಪದಲ್ಲಿ ಅದೇ ಗುಣದ ಕೊಬ್ಬಿದೆ.

ಶಿಯಾ ಎಲ್ಲರಿಗೂ ಎಲ್ಲೆಡೆಗೂ ಒಗ್ಗುವುದಿಲ್ಲ. ತೆಳು, ನೇರ ಕೂದಲಿಗೆ ಅದು ಭಾರ; ಕೂದಲು ತಲೆಗಂಟಿ ಕೂರುತ್ತದೆ. ತಲೆಹೊಟ್ಟಿರುವವರು ನೆತ್ತಿಗೆ ತಿಕ್ಕಿಕೊಳ್ಳದಿರುವುದೇ ಮೇಲು: ಹೊಟ್ಟಿನ ಹಿಂದಿರುವ ಮಲಸೀಜಿಯಾ ಎಂಬ ಶಿಲೀಂಧ್ರ ಕೊಬ್ಬನ್ನೇ ತಿಂದು ಬದುಕುವಂಥದ್ದು, ಓಲಿಯಿಕ್ ಆಮ್ಲ ಅಂಥವರ ನೆತ್ತಿಯಲ್ಲಿ ಚಕ್ಕೆ ಏಳಿಸುತ್ತದೆ. ಕೂದಲಿಗೆ ಹಚ್ಚುವ ದಪ್ಪ ಜಿಡ್ಡುಗಳಿಂದ ಹಣೆಯ ಅಂಚಿನಲ್ಲಿ ಮೊಡವೆಗಳೇಳುವುದನ್ನು ಅಮೆರಿಕದ ಚರ್ಮವೈದ್ಯರು 1970ರಲ್ಲೇ ‘ಪೊಮೇಡ್ ಆಕ್ನೆ’ ಎಂದು ಗುರುತಿಸಿದ್ದರು. ಇದಕ್ಕಿಂತ ಗಂಭೀರವಾದದ್ದು ಬಿಗಿ ಜಡೆಯ ಅಪಾಯ. ತಿಂಗಳುಗಟ್ಟಲೆ ಬುಡ ಎಳೆದು ಕಟ್ಟಿದರೆ ಹಣೆ, ಕಿವಿಯ ಅಂಚಿನ ಕೂದಲು ಶಾಶ್ವತವಾಗಿ ಹೋಗಬಹುದು. ಖುಮಾಲೊ ಕೇಪ್‌ಟೌನ್‌ನ ಶಾಲಾ ಹುಡುಗಿಯರಲ್ಲೂ ಇದನ್ನು ಕಂಡು ಬರೆದಿದ್ದಾರೆ. ಹೆಣೆದ ದಿನ ತಲೆ ನೋಯುತ್ತಿದ್ದರೆ ಜಡೆ ಬಿಚ್ಚಬೇಕು. ನಡುನೆತ್ತಿಯಲ್ಲಿ ಉರಿ, ತುರಿಕೆ ಶುರುವಾಗಿ ಕೂದಲು ತೆಳ್ಳಗಾಗುತ್ತ ಹೊರಗೆ ಹರಡುವ ಕಾಯಿಲೆಯೊಂದಿದೆ. ಬುಡದ ಕುಳಿಯೇ ಗಾಯಗೊಂಡು ಮುಚ್ಚಿಹೋಗುತ್ತದೆ. ಅಲ್ಲಿ ಬೆಣ್ಣೆ ಹಚ್ಚುತ್ತ ಕಳೆಯುವ ಒಂದೊಂದು ತಿಂಗಳೂ ನಷ್ಟ. ಚರ್ಮವೈದ್ಯರನ್ನು ಬೇಗ ಕಾಣಬೇಕು.

ಕೊಳ್ಳುವವರಿಗೆ ಎರಡು ಮಾತು. ಶುದ್ಧೀಕರಿಸಿದ ಬೆಣ್ಣೆಗೆ ಹೊಗೆ ಮತ್ತು ಬೀಜದ ವಾಸನೆ ಇರುವುದಿಲ್ಲ, ಸಾಬೂನಾಗದ ಅಂಶ ಸ್ವಲ್ಪ ಕಡಿಮೆ. ಆದರೆ ಕೂದಲಿನ ಮೇಲೆ ಪದರವಾಗಿ ಕೂರುವ ಕೆಲಸ ಮುಖ್ಯ ಕೊಬ್ಬಿನದ್ದೇ ಆದ್ದರಿಂದ ವಾಸನೆ ಒಗ್ಗದವರು ಅದನ್ನು ನಿಶ್ಚಿಂತೆಯಿಂದ ಬಳಸಬಹುದು. ಬೇಸಿಗೆಯಲ್ಲಿ ಕರಗಿ ನಿ‌ಧಾನವಾಗಿ ಆರಿದ ಬೆಣ್ಣೆಯಲ್ಲಿ ರವೆಯಂಥ ಕಾಳು ಕಾಣಿಸಿಕೊಂಡರೆ ಅದು ಕೆಟ್ಟಿಲ್ಲ. ಸ್ಟಿಯರಿಕ್ ಹೆಚ್ಚಿರುವ ಭಾಗ ಮೊದಲು ಹರಳುಗಟ್ಟಿದೆ ಅಷ್ಟೆ. ಪೂರ್ತಿ ಕರಗಿಸಿ ಫ್ರಿಜ್ಜಿನಲ್ಲಿಟ್ಟು ಬೇಗ ತಣಿಸಿದರೆ ನುಣುಪಾಗುತ್ತದೆ.

ಡಬ್ಬಿಯ ಬೆಲೆಯಲ್ಲಿ ಹಣ್ಣು ಆರಿಸಿದವಳಿಗೆ ಸೇರುವುದು ಬಹಳ ಕಡಿಮೆ. ಬೀಜ ಹಾಗೆಯೇ ಹಡಗೇರಿದರೆ ಬೆಣ್ಣೆ ತೆಗೆಯುವ ಕೆಲಸವೂ ಲಾಭವೂ ಯುರೋಪಿನ, ಏಷ್ಯಾದ ಕಾರ್ಖಾನೆಗಳಿಗೆ ಹೋಗುತ್ತದೆ. ಅತಿ ಹೆಚ್ಚು ಶಿಯಾ ಬೀಜ ಸಿಗುವ ನೈಜೀರಿಯ ಇದನ್ನು ತಡೆಯಲು 2025ರ ಆಗಸ್ಟ್‌ನಲ್ಲಿ ಕಚ್ಚಾ ಬೀಜದ ರಫ್ತನ್ನು ಆರು ತಿಂಗಳಿಗೆ ನಿಷೇಧಿಸಿತು. ಇಂಥ ನಿಷೇಧದಿಂದ ಒಳನಾಡಿನ ಗಿರಣಿಗಳಿಗೆ ಬೀಜ ಸಿಗುತ್ತದೆ ನಿಜ. ಆದರೆ ಕೊಳ್ಳುವವರು ಕಡಿಮೆಯಾಗಿ ಬೀಜದ ಬೆಲೆ ಬಿದ್ದರೆ ಮೊದಲ ಪೆಟ್ಟು ಬೀಳುವುದೂ ಆರಿಸಿದವಳಿಗೇ. ಮರಗಳೂ ಸುರಕ್ಷಿತವಾಗಿಲ್ಲ. ಗಟ್ಟಿ ಶಿಯಾ ಕಟ್ಟಿಗೆಯಿಂದ ಒಳ್ಳೆಯ ಇದ್ದಿಲಾಗುತ್ತದೆ, ಟ್ರ್ಯಾಕ್ಟರಿನ ಬೇಸಾಯಕ್ಕೆ ಹೊಲದ ನಡುವಿನ ಮರ ಅಡ್ಡಿಯಾಗುತ್ತದೆ. ಹೂವಿನ ಪರಾಗ ಸಾಗಿಸುವ ಜೇನುಗಳಿಗೆ ಬೇರೆ ಗಿಡಗಂಟಿಗಳ ಆಸರೆಯೂ ಬೇಕು. ಫಲಕ್ಕೆ ಇಪ್ಪತ್ತು ವರ್ಷ ಕಾಯಬೇಕಾದ ಸಸಿಯನ್ನು ನೆಡುವ ಉಮೇದು ಬಡ ರೈತರಿಗೆ ಬರುವುದು ಕಷ್ಟ. ಘಾನಾದ ಕೊಕೊ ಸಂಶೋಧನಾ ಸಂಸ್ಥೆ ಬೋಲೆ ಎಂಬ ಊರಿನ ತನ್ನ ಉಪಕೇಂದ್ರದಲ್ಲಿ ಹೆಚ್ಚು ಇಳುವರಿಯ ಮರಗಳ ಕಡ್ಡಿಯನ್ನು ಸಸಿಗಳಿಗೆ ಕಸಿ ಕಟ್ಟುತ್ತಿದೆ. ಕಸಿ ಗಿಡ ಕೆಲವೇ ವರ್ಷಗಳಲ್ಲಿ ಕಾಯಿ ಬಿಡುತ್ತದೆ. ನೆಟ್ಟವರೇ ಅದರ ಬೆಣ್ಣೆ ತೆಗೆಯಬಹುದು.